ಮೀನ್ ಸಾರ್ ಇತ್ತ್

ಹೋದ ಭಾನುವಾರ ಬೆಳಗ್ಗೆ ಚಿಂತಾಮಣಿಯಲ್ಲಿ ಅಣ್ಣನ ಮನೆಯ ಅಡುಗೆಮನೆಯಲ್ಲಿ ನಿಂತು ಗಂಜಿ ಸೋಸುತ್ತಿದ್ದೆ. ಫೋನ್ ಬಂತು. ಗೌರಿಬಿದನೂರಿನ ಓದುಗರೊಬ್ಬರು. ಈ ಅಂಕಣವನ್ನು ಶುರುವಿನಿಂದ ಓದುತ್ತಿದ್ದಾರಂತೆ. (ಹಾಗೆ ಹೇಳುವವರ ಮೇಲೆ ನನಗೆ ತಕ್ಷಣ ಪ್ರೀತಿ ಬಂದುಬಿಡುತ್ತದೆ. ಆವತ್ತು ಬರಲಿಲ್ಲ.) ಮನೆಮಂದಿಯೆಲ್ಲ ರಜೆಗೆ ಕುಂದಾಪುರದ ಕಡೆ ಹೊರಟಿದ್ದಾರೆ. ಮರವಂತೆ ಬೀಚು, ಹಿನ್ನೀರು, ಉಪ್ಪುನೀರಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಕಾಡು, ಎಲ್ಲ ನೋಡುವ ಪ್ಲಾನು. ರೂಮ್ ಬುಕ್ ಆಗಿದೆ. ಕಾರು ಸರ್ವೀಸ್ ಆಗಿದೆ. ಉಳಿದಿರುವುದು ಒಂದೇ ಪ್ರಶ್ನೆ.

"ಮೇಡಂ, ಪಕ್ಕಾ ಆ ಕಡೆ ಊಟ ಎಲ್ಲಿ ಸಿಗುತ್ತೆ? ನೀವು ಈಚೆಗೆ ಹೋಗಿ ಬಂದ್ರಂತಲ್ಲ?"

ಗೊತ್ತಿಲ್ಲ ಎಂದೆ. ಫೋನ್ ಇಟ್ಟೆ.

ಪಾಪ, ಆ ಮನುಷ್ಯನಿಗೆ ಬೇಜಾರಾಗಿರಬೇಕು. ಊಟದ ಬಗ್ಗೆ ವಾರಕ್ಕೊಂದು ಸಲ ಬರೆಯುವ ಹೆಂಗಸು, ಹಿದುಕಿದ ಬೇಳೆಯ ಮೇಲೆ ಒಂದು ಪುಟ ತುಂಬಿಸಿದವಳು, ಊಟ ಎಲ್ಲಿ ಅಂದರೆ ಫೋನ್ ಇಡುತ್ತಾಳಲ್ಲ, ಎಷ್ಟು ಕೊಬ್ಬು ಅಂದುಕೊಂಡಿರಬಹುದು. ಅವರಿಗೆ ಉತ್ತರ ಕೊಡಬೇಕು. ಅದಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಅಣ್ಣನ ಬಗ್ಗೆ ಹೇಳಬೇಕು.

ನನ್ನ ಅಣ್ಣ ನಾರಾಯಣಸ್ವಾಮಿಗೆ ಕೈವಾರದ ಹತ್ತಿರ ಜಮೀನು, ಚಿಂತಾಮಣಿ ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ. ಆ ಹೆಸರಿನವರು ನಮ್ಮ ಕಡೆ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ನಮ್ಮಣ್ಣ ಉಪ್ಪು ನಾರಾಯಣಸ್ವಾಮಿ. ಉಪ್ಪಿನ ವ್ಯಾಪಾರ ಮಾಡಿದವನಲ್ಲ. ಉಪ್ಪು ನೋಡುವವನು.

ನಮ್ಮ ಬಳಗದಲ್ಲಿ ಮದುವೆ ಇರಲಿ, ತಿಥಿ ಇರಲಿ, ಎಲೆ ಹಾಕುವುದಕ್ಕೆ ಮುಂಚೆ ಯಾರಾದರೊಬ್ಬರು ಉಪ್ಪು ನೋಡಬೇಕು. ಅಡುಗೆಯವನು ತಾನು ಮಾಡಿದ್ದನ್ನು ತಾನೇ ನೋಡಿಕೊಂಡರೆ ಒಪ್ಪುವುದಿಲ್ಲ. ಅಣ್ಣ ಕೂತಿರುವ ಕಡೆಗೇ ಸೌಟು ಹಿಡಿದುಕೊಂಡು ಬರುತ್ತಾನೆ. ಅಣ್ಣ ಅಂಗೈ ಚಾಚುತ್ತಾನೆ. ಬಿಸಿ ಸಾರು ಒಂದು ಗುಟುಕು ಅಂಗೈಗೆ ಬೀಳುತ್ತದೆ. ಅಣ್ಣ ಅದನ್ನು ನೆಕ್ಕಿ, ಕಣ್ಣು ಮುಚ್ಚಿ, ಸುಮ್ಮನೆ ಕೂರುತ್ತಾನೆ. ಅಡುಗೆಯವನು ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಅಣ್ಣ ಬೇಕಂತಲೇ ಸ್ವಲ್ಪ ತಡಮಾಡುತ್ತಾನೆ ಅಂತ ನನಗೆ ಅನುಮಾನ. ಆಮೇಲೆ ಒಂದೇ ಮಾತು.

"ಐತೆ."

ಅಷ್ಟು ಹೇಳಿದರೆ ಎಲೆ ಹಾಕಬಹುದು. ಉಪ್ಪು ಐತೆ, ಹುಳಿ ಐತೆ, ರುಚಿ ಐತೆ, ಎಲ್ಲ ಆ ಒಂದು ಮಾತಿನಲ್ಲಿ ಬಂತು. ಬೇರೆ ಹೊಗಳಿಕೆ ಅಣ್ಣನ ಬಾಯಿಂದ ನಾನು ಕೇಳಿದ್ದೇ ಇಲ್ಲ. ಅತ್ತಿಗೆ ರತ್ನಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬಸ್ಸಾರು ಮಾಡಿ, ಚೆನ್ನಾಗಿದೆಯಾ ಅಂತ ಕೇಳಿ, "ಐತೆ" ಅನ್ನಿಸಿಕೊಂಡು, ಏನು ಐತೆ ಅಂತ ಗೊತ್ತಾಗದೆ ಒಳಗೆ ಹೋಗಿ ಅತ್ತಿದ್ದರಂತೆ. ಅವರು ಮದನಪಲ್ಲಿ ಕಡೆಯವರು. ಮಾತಾಡುವುದು ಕನ್ನಡ, ಸಿಟ್ಟು ಮಾಡುವುದು ತೆಲುಗು, ಅಳುವುದು ಎರಡರಲ್ಲೂ.

ಇಂಥ ಅಣ್ಣನ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಹುಳುಕು ಹಲ್ಲೊಂದು ಉಜ್ಜಿ ಉಜ್ಜಿ ಆಗಿದ್ದು. ಎಲೆಅಡಿಕೆಗೆ ಸುಣ್ಣ ಜಾಸ್ತಿಯಾಗಿರಬೇಕು ಅಂದ. ಉಷ್ಣ ಅಂದ. ಮಜ್ಜಿಗೆ ಕುಡಿದ. ಬೀಡಿ ಸೇದಿದವನಲ್ಲ, ಹೊಗೆಸೊಪ್ಪು ಮುಟ್ಟಿದವನಲ್ಲ, ಹಾಗಾಗಿ ಯಾರಿಗೂ ಭಯವೇ ಆಗಲಿಲ್ಲ. ಭಯ ಆಗುವ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಕೂತಿದ್ದೆವು.

ಡಾಕ್ಟರು ಒಳ್ಳೆಯವರು. ಕಾಗದದ ಮೇಲೆ ನಾಲಿಗೆಯ ಚಿತ್ರ ಬರೆದು ತೋರಿಸಿದರು. ಇಷ್ಟು ತೆಗೆಯಬೇಕಾಗಬಹುದು, ಒಳಗೆ ನೋಡಿದ ಮೇಲೆ ಇನ್ನೂ ಸ್ವಲ್ಪ ಆಗಬಹುದು ಅಂತ ಎರಡು ಗೆರೆ ಎಳೆದರು. ಆಪರೇಷನ್ ಆದ ಮೇಲೆ ಮೂಗಿನಿಂದ ಟ್ಯೂಬು. ಟ್ಯೂಬಿನಲ್ಲಿ ಗಂಜಿ. ಆಮೇಲೆ ಕರೆಂಟು. (ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಹೇಳುತ್ತಾರೆ.) ಜೀವಕ್ಕೆ ತೊಂದರೆಯಿಲ್ಲ, ಮಾತು ಸ್ವಲ್ಪ ತೊದಲಬಹುದು ಅಂದರು. ಅತ್ತಿಗೆ ಮಾತಿನ ಬಗ್ಗೆಯೇ ಹತ್ತು ಪ್ರಶ್ನೆ ಕೇಳಿದರು. ಅಣ್ಣ ಕೇಳಿದ್ದು ಒಂದೇ.

"ರುಚಿ?"

ಡಾಕ್ಟರು ಆ ಪ್ರಶ್ನೆಗೆ ತಯಾರಿರಲಿಲ್ಲ ಅನ್ನಿಸಿತು. ಹೇಳಕ್ಕಾಗಲ್ಲ, ಬರಬಹುದು, ಬರದೇನೂ ಇರಬಹುದು ಅಂದರು.

ವಾಪಸ್ ಹೊರಟೆವು. ಡ್ರೈವರ್ ನಾನೇ. ಹೊಸಕೋಟೆ ದಾಟಿದ ಮೇಲೆ ಹಿಂದಿನ ಸೀಟಿನಿಂದ ಅಣ್ಣ ಕೇಳಿದ, "ಪಾಪ, ಅಡ್ಮಿಟ್ ಆಗೋಕೆ ಇನ್ನೂ ಟೈಮೈತಲ್ಲ?" (ನನಗೆ ಐವತ್ತು ದಾಟಿದೆ. ಅಣ್ಣನಿಗೆ ಈಗಲೂ ನಾನು ಪಾಪ.) ಇದೆ ಅಂದೆ. "ಹಂಗಾದ್ರೆ ಸಮುದ್ರದ ಹತ್ರ ಹೋಗಣ ಕಣಮ್ಮ. ಸಮುದ್ರದ ಮೀನು ಅಲ್ಲೇ ಕೂತು ಒಂದ್ಸಲ ತಿನ್ಬೇಕು."

ಬಯಲುಸೀಮೆಯವರ ಬಾಯಿಗೆ ಇದು ಬಹಳ ದೊಡ್ಡ ಆಸೆ. ನಮಗೆ ಮೀನು ಅಂದರೆ ಕೆರೆ ಮೀನು. ಕೆರೆ ತುಂಬಿದ ವರ್ಷ ಹುಣಸೆಹಣ್ಣು ಕಿವುಚಿ ಸಾರು ಮಾಡಿ, ಮುದ್ದೆ ಮುರಿದು ತಿನ್ನುವುದು. ಸಮುದ್ರದ ಮೀನು ಚಿಂತಾಮಣಿಗೂ ಬರುತ್ತದೆ, ಐಸಿನ ಪೆಟ್ಟಿಗೆಯಲ್ಲಿ. ಅಣ್ಣ ಅದರ ಕಣ್ಣು ನೋಡಿ, ಇದು ಸತ್ತು ಎಷ್ಟು ದಿನ ಆಯ್ತೋ ಅಂತ ಗೊಣಗಿ ಮುಂದೆ ಹೋಗುತ್ತಿದ್ದ. ಒಂದಲ್ಲ ಒಂದು ದಿನ ಅಲ್ಲಿಗೇ ಹೋಗಿ ತಿನ್ನುತ್ತೇನೆ ಅನ್ನುತ್ತಿದ್ದ. ಆ ಒಂದು ದಿನ ಹೀಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಹೊರಡುವ ಸುದ್ದಿ ತಿಳಿದದ್ದೇ ತಡ, ಫೋನಿಗೆ ರೀಲ್ಸ್ ಸುರಿಯತೊಡಗಿದವು. ಶಿಡ್ಲಘಟ್ಟದ ನೆಂಟರು, ಚಿಕ್ಕಬಳ್ಳಾಪುರದ ನನ್ನ ಪಕ್ಕದ ಮನೆಯವರು, ಎಲ್ಲರೂ ಕಳಿಸುವವರೇ. ಮಿಸ್ ಮಾಡಲೇಬಾರದ ಹತ್ತು ಹೋಟೆಲ್. ಸಾಯೋದಕ್ಕೆ ಮುಂಚೆ ತಿನ್ನಬೇಕಾದ ಐದು ಮೀನಿನ ಐಟಮ್ಮು. ಆ ಎರಡನೆಯದನ್ನು ಕಳಿಸಿದ ಹುಡುಗಿಗೆ ತಾನು ಏನು ಕಳಿಸಿದೆ ಅಂತ ಗೊತ್ತಿರಲಿಲ್ಲ. ನಾನು ಅದನ್ನು ಅತ್ತಿಗೆ ನೋಡುವ ಮುಂಚೆ ಅಳಿಸಿಹಾಕಿದೆ. ಯಾರು ಮಾಡುತ್ತಾರೆ ಈ ಪಟ್ಟಿಗಳನ್ನು? ಹಸಿದವರಂತೂ ಅಲ್ಲ.

ಅಂತೂ ಹೊರಟೆವು. ಅಣ್ಣ, ಅತ್ತಿಗೆ, ನಾನು. ಅಲ್ಲಲ್ಲಿ ನಿಂತು, ದಾರಿಯಲ್ಲೊಂದು ರಾತ್ರಿ ತಂಗಿ, ಘಟ್ಟ ಇಳಿದು ಕುಂದಾಪುರ ಸೇರಿದೆವು. ದಾರಿಯುದ್ದಕ್ಕೂ ಅಣ್ಣ ಇಡ್ಲಿಯನ್ನು ಹಾಲಿನಲ್ಲಿ ಅದ್ದಿಕೊಂಡು ನುಂಗಿದ. ಖಾರ ತಾಗಿದರೆ ಹುಣ್ಣು ಉರಿಯುತ್ತಿತ್ತು. ಹಾಗಿದ್ದೂ ಮುಖದಲ್ಲಿ ಒಂದು ಕಳೆ ಇತ್ತು. ಬಾಯನ್ನು ಅದಕ್ಕಾಗಿ ಕಾಪಾಡಿಟ್ಟುಕೊಳ್ಳುತ್ತಿದ್ದಾನೆ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಹಿನ್ನೀರಿನ ಪಕ್ಕದ ಸಣ್ಣ ರಸ್ತೆಯಲ್ಲಿ ಹೋಗುತ್ತಿದ್ದೆವು. ಒಂದು ಕಡೆ ಕಾಂಡ್ಲಾ ಗಿಡ, ಇನ್ನೊಂದು ಕಡೆ ತೆಂಗಿನ ತೋಟದ ನಡುವೆ ಮನೆಗಳು. ಒಂದು ಮನೆಯ ಗೇಟಿಗೆ ಸಣ್ಣ ಹಲಗೆ ಕಟ್ಟಿದ್ದರು. ಅದರಲ್ಲಿ ಬಣ್ಣದಲ್ಲಿ ಬರೆದಿದ್ದು ಎರಡೇ ಅಕ್ಷರ. ಊಟ.

"ನಿಲ್ಸು ಪಾಪ," ಅಂದ ಅಣ್ಣ. "ಬರೀ ಊಟ ಅಂತ ಬರ್ದವ್ರೆ. ಇಲ್ಲೇ ಚೆನ್ನಾಗಿರ್ತದೆ."

ಕಾರಿನಿಂದ ಇಳಿದವನೇ ಗೇಟಿನ ಹತ್ತಿರ ನಿಂತು ಮೂಗೆಳೆದ. ಒಳಗೆ ಏನೋ ಕುದಿಯುತ್ತಿತ್ತು. ಕಾಯಿ ಹುರಿದಿಲ್ಲ, ಹಸಿಯಾಗೇ ರುಬ್ಬಿದ್ದಾರೆ ಅಂದ. ಮೆಣಸಿನಕಾಯಿ ನಮ್ಮದಲ್ಲ, ಇದಕ್ಕೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂದ. ಹುಳಿ ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ. ಹುಣಸೆಹಣ್ಣಲ್ಲ, ಬೇರೆ ಏನೋ ಅಂದ. ತಿರುತಿರುಗಿ ಮೂಗೆಳೆದ. ಆ ಹೊತ್ತಿನಲ್ಲಿ ಅಣ್ಣನನ್ನು ನೀವು ನೋಡಬೇಕಿತ್ತು. ಕಾಯಿಲೆಯವನ ಹಾಗೆ ಕಾಣಲೇ ಇಲ್ಲ.

ಅತ್ತಿಗೆ ಅಂಗಳ ದಾಟಿ ಬಾಗಿಲ ಹತ್ತಿರ ಹೋಗಿ ಊಟ ಇದೆಯಾ ಅಂತ ಕೇಳಿದರು. ನಲವತ್ತು ದಾಟಿದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ತಲೆಯಾಡಿಸಿದರು. ಅವರು ಹೇಳಿದ್ದು ಗೇಟಿನಾಚೆ ಇದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಮೀನ್ ಸಾರ್ ಇತ್ತ್."

ಅಷ್ಟು ಹೇಳಿ ಒಳಗೆ ಹೋದರು.

ಅತ್ತಿಗೆ ಒಂದು ನಿಮಿಷ ನಿಂತರು. ಆಮೇಲೆ ವಾಪಸ್ ಬಂದರು. "ಇತ್ತಂತೆ," ಅಂದರು. ಅದನ್ನೇ ತಮ್ಮ ಭಾಷೆಗೂ ತಿರುಗಿಸಿ, "ಅಯಿಪೋಯಿಂದಂಟ," ಅಂದರು. ಮುಗಿದುಹೋಯಿತಂತೆ.

ಅಣ್ಣ ಇನ್ನೊಂದು ಸಲ ಮೂಗೆಳೆದು ಕಾರು ಹತ್ತಿದ. ಮುಗಿದ ಮೇಲೂ ವಾಸನೆ ಹೇಗೆ ಬರುತ್ತಿದೆ ಅಂತ ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇತ್ತು ಅಂದರೆ ಇತ್ತು. ಅದರಲ್ಲಿ ಅನುಮಾನ ಪಡುವುದೇನು? ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಡೆ ಇದೆಯಾ ಅಂತ ಕೇಳಿ, ಸರ್ವರ್ "ಇತ್ತು" ಅಂದರೆ ನೀವು ಕೂತು ಕಾಯುತ್ತೀರಾ?

ಕಾರು ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದರೆ ಆ ಹೆಂಗಸು ಕೈಯಲ್ಲಿ ತಟ್ಟೆಗಳನ್ನು ಹಿಡಿದುಕೊಂಡು ಗೇಟಿನ ತನಕ ಬಂದಿದ್ದರು. ಇನ್ನೊಂದು ಕೈ ಮೇಲೆತ್ತಿದ್ದರು. ಎಷ್ಟು ಮರ್ಯಾದಸ್ಥ ಜನ, ಊಟ ಇಲ್ಲದಿದ್ದರೂ ಟಾಟಾ ಮಾಡುವುದಕ್ಕೆ ಬಂದಿದ್ದಾರೆ ಅಂದೆ ನಾನು. ಅತ್ತಿಗೆ ಕಿಟಕಿಯಿಂದ ಕೈ ಹೊರಗೆ ಹಾಕಿ ಅವರಿಗೂ ಟಾಟಾ ಮಾಡಿದರು.

ಹೆದ್ದಾರಿಗೆ ಬಂದು, ರೀಲ್ಸಿನಲ್ಲಿ ಎಲ್ಲರೂ ಹೊಗಳಿದ್ದ ದೊಡ್ಡ ಹೋಟೆಲಿಗೆ ಹೋದೆವು. ಬಾಗಿಲಿಗೆ ಮೀನಿನ ಬಲೆ ತೂಗುಹಾಕಿದ್ದರು. ಗೋಡೆಗೆ ದೋಣಿಯ ಹುಟ್ಟು ಹೊಡೆದಿದ್ದರು. ಮೆನು ಕಾರ್ಡಿನ ಮೊದಲ ಪುಟದಲ್ಲಿ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ. ಆರ್ಡರ್ ತಗೊಳ್ಳುವುದಕ್ಕೆ ಬಂದವನಿಗೆ ಹಿಂದಿ ಮಾತ್ರ ಬರುತ್ತಿತ್ತು. ಬಂಗುಡೆ ಫ್ರೈ, ಮೀನಿನ ಕರಿ, ಅನ್ನ ಹೇಳಿದೆವು.

ಫ್ರೈ ಕೆಂಪಗೆ ಬಂತು. ಅಣ್ಣ ಒಂದು ಚೂರು ಮುರಿದು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಉಗಿಯಲಿಲ್ಲ. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿ, ತಟ್ಟೆಯನ್ನು ನನ್ನ ಕಡೆ ಸರಿಸಿದ. ಆಮೇಲೆ ಕರಿಯಲ್ಲಿ ಬೆರಳು ಅದ್ದಿ ನೆಕ್ಕಿದ. ಅಭ್ಯಾಸದಂತೆ ಕಣ್ಣು ಮುಚ್ಚಿದ. ನಾವಿಬ್ಬರೂ ಕಾದೆವು.

"ಇದು ನಮ್ಮ ಮಾರ್ಕೆಟ್ ಟೊಮೆಟೊ ಕಣಮ್ಮ," ಅಂದ.

ತಮಾಷೆಯಲ್ಲ. ಚಿಂತಾಮಣಿಯ ಟೊಮೆಟೊ ಎಲ್ಲೆಲ್ಲಿಗೋ ಲೋಡಾಗಿ ಹೋಗುವುದನ್ನು ದಿನಾ ನೋಡುವವರು ನಾವು. ಅಷ್ಟು ದೂರ ಬಂದು, ಸಮುದ್ರದ ಪಕ್ಕ ಕೂತು, ನಮ್ಮೂರ ಟೊಮೆಟೊ ಗ್ರೇವಿ ತಿನ್ನುತ್ತಿದ್ದೆವು. ಮೇಲೆ ಎರಡು ತುಂಡು ಮೀನು. ಅಣ್ಣ ಮೊಸರನ್ನ ತರಿಸಿಕೊಂಡು ನಾಲ್ಕು ಚಮಚ ತಿಂದ. ಆ ಹೋಟೆಲನ್ನು ಬೈದು ಪ್ರಯೋಜನವಿಲ್ಲ. ನಮ್ಮಂಥವರು ಏನು ಕೇಳುತ್ತೇವೋ ಅದನ್ನೇ ಅವರು ಮಾಡುವುದು.

ಸಂಜೆ ಮರವಂತೆಗೆ ಹೋದೆವು. ಅಲ್ಲಿ ರಸ್ತೆಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ನದಿ. ಅಣ್ಣ ಪಂಚೆ ಎತ್ತಿಕಟ್ಟಿ ಮೊಣಕಾಲಿನ ತನಕ ನೀರಿಗಿಳಿದ. ಬಗ್ಗಿ ಅಂಗೈಯಲ್ಲಿ ಸಮುದ್ರದ ನೀರು ತಗೊಂಡ. ಮದುವೆಮನೆಯಲ್ಲಿ ಮಾಡುವ ಹಾಗೇ ನೆಕ್ಕಿ, ಕಣ್ಣು ಮುಚ್ಚಿ ನಿಂತ. ಹುಣ್ಣಿಗೆ ಆ ಉಪ್ಪು ಎಷ್ಟು ಉರಿದಿತ್ತೋ.

"ಉಪ್ಪು ಒಂಚೂರು ಜಾಸ್ತಿ ಆಯ್ತು," ಅಂದ.

ಅತ್ತಿಗೆ ಜೋರಾಗಿ ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಮರಳಿನ ಮೇಲೆ ಕೂತರು. ಆಮೇಲೆ ಅದು ನಗು ಅಲ್ಲ ಅಂತ ನನಗೆ ಗೊತ್ತಾಯಿತು. ಅಣ್ಣ ತಿರುಗಿ ನೋಡಲಿಲ್ಲ, ಅಲೆ ನೋಡುತ್ತಲೇ ನಿಂತಿದ್ದ.

ಮರುದಿನ ಬೆಳಗ್ಗೆ ಕಾಂಡ್ಲಾ ಕಾಡಿನೊಳಗೆ ದೋಣಿಯಲ್ಲಿ ಹೋಗಿ, ಹಾಗೇ ಊರಿನ ದಾರಿ ಹಿಡಿಯುವುದು ಅಂತ ಇತ್ತು. ಅದರ ಮಾರನೆಯ ದಿನವೇ ಅಡ್ಮಿಟ್ ಆಗಬೇಕು. ಹಿನ್ನೀರಿನ ದಡದಲ್ಲಿ ಒಬ್ಬ ದೋಣಿಯವನು ಬೀಡಿ ಹಚ್ಚಿಕೊಂಡು ಕೂತಿದ್ದ. ದೋಣಿ ಇದೆಯಾ ಅಂತ ಕೇಳಿದೆ. ಬೀಡಿ ತೆಗೆಯದೆ, "ಇತ್ತ್," ಅಂದ.

ಥೂ, ಇಲ್ಲೂ ಆಗಿಹೋಯಿತಾ ಅಂದುಕೊಂಡು ವಾಪಸ್ ತಿರುಗಿದೆ. ಅತ್ತಿಗೆ ಆಗಲೇ ನಾಲ್ಕು ಹೆಜ್ಜೆ ಮುಂದಿದ್ದರು. ಹಿಂದಿನಿಂದ ಅವನು ಕೂಗಿದ.

"ಹೋಯ್, ಎಲ್ಲಿಗ್ ಹೋತ್ರಿ? ದೋಣಿ ಇತ್ತ್ ಅಂದೆ ಅಲ್ದಾ?"

ಅವನು ಕೈ ತೋರಿಸಿದ ಕಡೆ ನೋಡಿದೆ. ದೋಣಿ ನೀರಿನಲ್ಲಿ ಅಲ್ಲಾಡುತ್ತ ನಿಂತಿತ್ತು. ಖಾಲಿ ದೋಣಿ. ಕಣ್ಣಮುಂದೆ ಇರುವ ದೋಣಿಯನ್ನು ಇವನು ಇತ್ತು ಅನ್ನುತ್ತಾನಲ್ಲ, ತಲೆ ಸರಿ ಇದೆಯಾ? ನಾನು ಇನ್ನೂ ಅದೇ ಯೋಚನೆಯಲ್ಲಿದ್ದೆ. ಅಣ್ಣನಿಗೆ ಹೊಳೆದುಬಿಟ್ಟಿತ್ತು. ಅವನು ನಿಧಾನವಾಗಿ ದೋಣಿಯವನ ಹತ್ತಿರ ಹೋಗಿ ನಿಂತ.

"ನಿಮ್ಮ ಕಡೆ ಇತ್ತ್ ಅಂದ್ರೆ ಐತೆ ಅಂತಾನಾ?"

"ಹೌದ್ ಮಾರಾಯ್ರೆ," ಅಂದ ದೋಣಿಯವನು. "ಇತ್ತ್ ಅಂದ್ರೆ ಇತ್ತ್."

ಓದುಗರೇ, ನಾನು ಕನ್ನಡದಲ್ಲಿ ಬರೆದು ಹೆಸರು ಮಾಡಿದವಳು. ಕಾಲೇಜುಗಳಲ್ಲಿ ಕರೆದು ಕನ್ನಡ ಉಳಿಸುವುದು ಹೇಗೆ ಅಂತ ಭಾಷಣ ಮಾಡಿಸುತ್ತಾರೆ. ಕುಂದಾಪುರದವರು ಇದೆ ಅನ್ನುವುದಕ್ಕೆ ಇತ್ತ್ ಅನ್ನುತ್ತಾರೆ ಅಂತ ನನಗೆ ಆವತ್ತಿನ ತನಕ ತಿಳಿದಿರಲಿಲ್ಲ. ತೆಲುಗು ಸೀಮೆಯ ಗಡಿಯಲ್ಲಿ ಹುಟ್ಟಿ ಎರಡು ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವ ನಾವು, ನಮ್ಮದೇ ಭಾಷೆಯ ಒಂದು ಮಾತು ಕೇಳಿ ಊಟ ಬಿಟ್ಟು ಬಂದಿದ್ದೆವು.

ದೋಣಿ ಹತ್ತಲಿಲ್ಲ. ಕಾಂಡ್ಲಾ ಕಾಡೂ ಬೇಡವಾಯಿತು. ಹಿಂದಿನ ದಿನದ ಸಣ್ಣ ರಸ್ತೆ ಹುಡುಕಿಕೊಂಡು ಹೋದೆವು. ಎರಡು ಸಲ ದಾರಿ ತಪ್ಪಿತು, ತೆಂಗಿನ ತೋಟಗಳೆಲ್ಲ ಒಂದೇ ಥರ ಕಾಣುತ್ತವೆ. ಕೊನೆಗೆ ಹಲಗೆ ಕಾಣಿಸಿತು. ಗೇಟಿಗೆ ಚಿಲಕ ಹಾಕಿತ್ತು. ಬಾಗಿಲಿಗೆ ಬೀಗ.

ನಾವು ಕೂಗಿ ಕರೆದದ್ದನ್ನು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೇಳಿಸಿಕೊಂಡರು. ಮಗಳ ಮನೆಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರೆ ಅಂದರು. ಆಮೇಲೆ, ನಾವು ಕೇಳದಿದ್ದರೂ, ಹಿಂದಿನ ದಿನದ ಕಥೆ ಹೇಳಿದರು. ಯಾರೋ ಘಟ್ಟದ ಮೇಲಿನವರು ಬಂದಿದ್ದರಂತೆ. ಊಟ ಉಂಟಾ ಅಂತ ಕೇಳಿದರಂತೆ. ಇವಳು ಇದೆ ಅಂತ ಹೇಳಿ, ತಟ್ಟೆ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಕಾರು ಹೊರಟೇಹೋಗಿತ್ತಂತೆ. ಕೈಬೀಸಿ ಕರೆದರೆ ಕಾರಿನಲ್ಲಿದ್ದವರು ನಗುತ್ತ ಕೈಬೀಸಿ ಹೋದರಂತೆ. ಮನೆ ನೋಡಿ ಅಸಹ್ಯ ಆಯಿತೋ ಏನೋ ಅಂತ ಪಾಪ ಸಂಜೆ ತನಕ ಅದನ್ನೇ ಹೇಳುತ್ತಿದ್ದಳು ಅಂದರು.

ಆ ಕಾರಿನವರು ನಾವೇ ಅಂತ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅಣ್ಣ ಹೇಳಿದ. ನಾವೇನಮ್ಮ, ನಮಗೆ ಮಾತು ಗೊತ್ತಾಗಲಿಲ್ಲ, ಅವರಿಗೆ ಹೇಳಿಬಿಡಿ ಅಂದ. ಅಜ್ಜಿಗೆ ಅಣ್ಣನ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆಗಲೇ ಅವನಿಗೆ ನಾಲಿಗೆ ತಿರುಗಿಸುವುದು ಕಷ್ಟವಾಗಿತ್ತು. ಸಾರಿಗೆ ಹುಳಿ ಯಾವುದು ಹಾಕುತ್ತಾರೆ ಅಂತಲೂ ಕೇಳಿದ. ಅಜ್ಜಿ, ಅದು ಅವರವರ ಮನೆಯ ಹಾಗೆ, ಅವಳು ಏನು ಹಾಕುತ್ತಾಳೋ ತನಗೆ ಗೊತ್ತಿಲ್ಲ ಅಂದರು.

ನಾಡಿದ್ದರ ತನಕ ಕಾಯುವ ಹಾಗಿರಲಿಲ್ಲ. ಘಟ್ಟ ಹತ್ತಿದೆವು. ಅತ್ತಿಗೆ ದಾರಿಯುದ್ದಕ್ಕೂ ತೆಲುಗಿನಲ್ಲಿ ತಮ್ಮನ್ನು ತಾವೇ ಬೈದುಕೊಂಡರು. ಇನ್ನೊಂದು ಮಾತು ಕೇಳಬಾರದಿತ್ತಾ, ನನ್ನ ಕಿವಿಗೆ ಏನಾಗಿತ್ತು ಅಂದರು. ಅಣ್ಣ ಅವರ ಕೈ ಹಿಡಿದುಕೊಂಡ. ನಮ್ಮ ಬಳಗದ ಗಂಡಸರು ಮೂರನೆಯವರ ಮುಂದೆ ಹೆಂಡತಿಯ ಕೈ ಹಿಡಿಯುವುದಿಲ್ಲ. ಕನ್ನಡಿಯಲ್ಲಿ ಅದನ್ನು ನೋಡಿ ನನಗೆ ಸಂಕಟವಾಯಿತು.

"ಬಿಡೇ ರತ್ನ," ಅಂದ. "ವಾಸ್ನೆನಾದ್ರೂ ಸಿಕ್ತಲ್ಲ."

ಆಪರೇಷನ್ ಆಯಿತು. ಡಾಕ್ಟರು ಎಳೆದಿದ್ದ ಎರಡನೆಯ ಗೆರೆಯನ್ನೂ ದಾಟಬೇಕಾಯಿತಂತೆ. ಟ್ಯೂಬು ಬಂತು, ಕರೆಂಟು ಬಂತು, ಬಾಯೊಳಗೆಲ್ಲ ಸುಟ್ಟಂತಾಯಿತು. ಅಣ್ಣ ಅಂಗಡಿಗೆ ಹೋಗುವುದನ್ನು ಬಿಟ್ಟ. ಅತ್ತಿಗೆ ರಾಗಿ ಗಂಜಿ, ಅಕ್ಕಿ ಗಂಜಿ, ಬೇಳೆ ಕಟ್ಟು ಸೋಸಿ ಸೋಸಿ ಟ್ಯೂಬಿಗೆ ಬಿಟ್ಟರು. ಪ್ರತಿಸಲವೂ ಉಪ್ಪು ಹಾಕುತ್ತಿದ್ದರು. ನಾಲಿಗೆಗೆ ತಾಗದೆ ನೇರವಾಗಿ ಹೊಟ್ಟೆಗೆ ಹೋಗುವುದಕ್ಕೆ ಅಷ್ಟು ಹದ ಯಾಕೆ ನೋಡುತ್ತೀರಿ ಅಂತ ನರ್ಸ್ ಒಬ್ಬರು ಕೇಳಿದರಂತೆ. ಅತ್ತಿಗೆ ಇನ್ನೊಂದು ಚಿಟಿಕೆ ಹಾಕಿ ಕದಡಿದರಂತೆ.

ನಡುವೆ ಶಿಡ್ಲಘಟ್ಟದಲ್ಲಿ ನೆಂಟರ ಮದುವೆ. ಬೇಡ ಅಂದರೂ ಅಣ್ಣ ಬಂದ, ಮೂಗಿನ ಟ್ಯೂಬಿಗೆ ಟವೆಲ್ ಮುಚ್ಚಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ. ಎಲೆ ಹಾಕುವ ಹೊತ್ತಾಯಿತು. ಅಡುಗೆಯವನು ಅಭ್ಯಾಸಬಲದಿಂದ ಸೌಟು ಹಿಡಿದು ಬಂದವನು, ಹತ್ತಿರ ಬಂದು, ಟವೆಲ್ ನೋಡಿ ನಿಂತುಬಿಟ್ಟ. ಅಣ್ಣ ಅಷ್ಟರಲ್ಲಿ ಅಂಗೈ ಚಾಚಿಬಿಟ್ಟಿದ್ದ. ಚಾಚಿದ ಕೈಯನ್ನು ಹಾಗೇ ಮೇಲೆತ್ತಿ ತಲೆ ಸವರಿಕೊಂಡ. ಅಡುಗೆಯವನು ಬೇರೆ ಯಾರಿಗೋ ತೋರಿಸಿದ. ಆವತ್ತಿನ ಸಾರಿಗೆ ಉಪ್ಪು ಕಮ್ಮಿಯಾಗಿತ್ತು. ಪಂಕ್ತಿಯಲ್ಲಿ ಒಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಗೌರಿಬಿದನೂರಿನವರೇ, ಇದೇ ನಿಮಗೆ ನನ್ನ ಉತ್ತರ. ಬಲೆ ತೂಗುಹಾಕಿದ ಹೋಟೆಲಿಗೆ ಹೋಗಬೇಡಿ. ಹಿನ್ನೀರಿನ ಪಕ್ಕದ ಸಣ್ಣ ರಸ್ತೆಗೆ ಇಳಿಯಿರಿ. ಊಟ ಅಂತ ಎರಡೇ ಅಕ್ಷರ ಬರೆದ ಹಲಗೆ ಹುಡುಕಿ. ಸಿಕ್ಕರೆ ಒಳಗೆ ಹೋಗಿ ಕೇಳಿ. ಆ ಅಮ್ಮ "ಇತ್ತ್" ಅಂದರೆ ಎದ್ದು ಬರಬೇಡಿ, ಕೈತೊಳೆದುಕೊಂಡು ಕೂತುಕೊಳ್ಳಿ. ಊಟ ಆದ ಮೇಲೆ ಸಾರಿಗೆ ಯಾವ ಹುಳಿ ಹಾಕುತ್ತೀರಿ ಅಂತ ಕೇಳಿ ನನಗೊಂದು ಫೋನ್ ಮಾಡಿ. ಅಣ್ಣನಿಗೆ ಹೇಳಬೇಕು.

ಇನ್ನು ಹೋದ ಭಾನುವಾರ ನಾನು ಯಾಕೆ ಫೋನ್ ಇಟ್ಟೆ ಅನ್ನುವುದು. ಹಿಂದಿನ ದಿನವಷ್ಟೇ ಡಾಕ್ಟರು ಟ್ಯೂಬು ತೆಗೆದಿದ್ದರು. ಗಂಜಿಯನ್ನು ಬಾಯಿಂದ ಕೊಟ್ಟು ನೋಡಿ ಅಂದಿದ್ದರು. ನೀವು ಫೋನ್ ಮಾಡಿದ ಹೊತ್ತಿಗೆ ನಾನು ಸೋಸುತ್ತಿದ್ದದ್ದು ಅದನ್ನೇ.

ಅತ್ತಿಗೆ ಗಂಜಿಗೆ ಉಪ್ಪು ಹಾಕಿ ಕದಡಿದರು. ಚಮಚ ತಗೊಂಡರು. ಯಾಕೋ ಚಮಚ ಕೆಳಗಿಟ್ಟು ಸೌಟು ತಗೊಂಡರು. ನಡುಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ ಅಣ್ಣನ ಮುಂದೆ ಹೋಗಿ, ಮದುವೆಮನೆಯ ಅಡುಗೆಯವನ ಹಾಗೆ ನಿಂತರು.

"ಉಪ್ಪು ನೋಡಿ," ಅಂದರು.

ಅಣ್ಣ ಅಂಗೈ ಚಾಚಿದ. ಅತ್ತಿಗೆ ಒಂದು ಗುಟುಕು ಬಿಟ್ಟರು. ನೆಕ್ಕುವುದಕ್ಕೆ ನಾಲಿಗೆ ಅಷ್ಟು ಹೊರಗೆ ಬರಲಿಲ್ಲ. ತುಟಿಯಿಂದ ಹೀರಿಕೊಂಡ, ಅರ್ಧ ಗಲ್ಲದ ಮೇಲೆ ಇಳಿಯಿತು. ಕಣ್ಣು ಮುಚ್ಚಿದ. ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಈ ಸಲ ಬೇಕಂತಲೇ ತಡಮಾಡುತ್ತಿರಲಿಲ್ಲ. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು.

ಆಮೇಲೆ ಏನೋ ಅಂದ. ಒಂದೇ ಮಾತು. ಅರ್ಧ ನಾಲಿಗೆಯ ಮಾತು, ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು.

ಐತೆ ಅಂದರು ಅಂತ ಅತ್ತಿಗೆ. ಅಳುತ್ತ, ನಗುತ್ತ, ಅಂಗಳಕ್ಕೆ ಓಡಿಹೋಗಿ ಪಕ್ಕದ ಮನೆಯವರಿಗೂ ಹೇಳಿಬಂದರು. ನನಗೆ ಹಾಗೆ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು "ಇತ್ತ್". ಇನ್ನೊಂದು ಸಲ ಹೇಳಣ್ಣ ಅಂತ ಕೇಳಿದೆ. ಅಣ್ಣ ಹೇಳಲಿಲ್ಲ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಗೋಡೆ ಕಡೆ ತಿರುಗಿದ.

ಅಣ್ಣ ಇತ್ತ್ ಅಂದದ್ದು ಯಾವ ಊರಿನ ಕನ್ನಡದಲ್ಲಿ?